ಕೊನೆಗೂ ಮಟ್ಟಸವಾಗಿ ತೆರೆದುಕೊಂಡ ‘ಕೋಟಿತೀರ್ಥ’

ನಿನ್ನೆ ರಾತ್ರಿ ಪುಸ್ತಕ ಒತ್ತಿಡುವ ಪ್ರೆಸ್ ಬಿಚ್ಚಿದೆ. ‘ಕೋಟಿತೀರ್ಥ’ವನ್ನು ಮೇಜಿನ ಮೇಲಿಟ್ಟು ನಡುವೆ ತೆರೆದು ಕೈ ಬಿಟ್ಟೆ. ಪುಸ್ತಕ ಹಾಗೇ ಮಲಗಿತು, ಮುಚ್ಚಿಕೊಳ್ಳಲಿಲ್ಲ. ಬಲಪುಟದ ಪ್ರತಿ ಸಾಲಿನ ಮೊದಲಕ್ಷರವೂ ಬೆಳಕಿಗೆ ಬಂತು. ಮೂರು ತಿಂಗಳಿಂದ ಕಾಯುತ್ತಿದ್ದದ್ದು ಇದಕ್ಕೇ!

ಜಯಂತ ಕಾಯ್ಕಿಣಿಯವರ ಕವನ ಸಂಕಲನಗಳಿಗೆ ಹೊಸ ಬೈಂಡ್ ಹಾಕುವ ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದಿರಲ್ವಾ? ‘ಶ್ರಾವಣ ಮಧ್ಯಾಹ್ನ’, ‘ನೀಲಿಮಳೆ’ ಎರಡೂ ಸಲೀಸಾಗಿ ಮುಗಿದವು. ತಲೆ ತಿಂದದ್ದು 1982ರ ಈ ಒಂದು ಪುಸ್ತಕ.

ನನ್ನ ಪ್ರತಿ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು. ಹಿಂದೆ ಯಾರೋ ಅದರ ಬೆನ್ನು ಕತ್ತರಿಸಿ, ಪಕ್ಕದಿಂದ ಮೂರು ಪಿನ್ ಹೊಡೆದು, ಮೇಲೆ ರಟ್ಟು ಅಂಟಿಸಿದ್ದರು. ಫಾರಂ, ಅಂದರೆ ನಡುವೆ ಮಡಚಿ ಹೊಲಿಯುವ ಹಾಳೆಗಳ ಕಂತೆ, ಅದರ ಮಡಿಕೆಯೇ ಉಳಿದಿಲ್ಲ. ಎಲ್ಲ ಬಿಡಿ ಹಾಳೆ. ಪಿನ್ ಸುತ್ತ ತುಕ್ಕು ಹರಡಿ, ಕಾಗದ ಕಂದಾಗಿ ಅಪ್ಪಳದ ಹಾಗೆ ಮುರಿಯುತ್ತಿತ್ತು.

ಮೊದಲು ಪಕ್ಕದಿಂದಲೇ ದಾರ ಹಾಕಿ ನೋಡಿದೆ. ಗಟ್ಟಿಯಾಯಿತು, ಆದರೆ ಒಳ ಅಂಚು ಪೂರ್ತಿ ಹೊಲಿಗೆಯೊಳಗೆ ಹೋಯಿತು. ಕಾದಂಬರಿಯಲ್ಲಾದರೆ ಒಂದಕ್ಷರ ಹೋದರೂ ಊಹಿಸಿ ಮುಂದೆ ಹೋಗಬಹುದು. ಕವಿತೆಯಲ್ಲಿ ಆಗಲ್ಲ. ‘ಮಳೆ’ಯ ‘ಮ’ ಒಳಗೆ ಹೋಗಿ ‘ಳೆ’ ಮಾತ್ರ ಉಳಿದರೆ ಆ ಸಾಲು ಅಲ್ಲಿಗೇ ಮುಗಿಯಿತು. ಇವರ ಕವಿತೆಗಳಲ್ಲಂತೂ ಒಂದು ಪುಟ್ಟ ಪದ ತುಂಬಾ ಭಾರ ಹೊರುತ್ತದೆ. ಎಲ್ಲ ಬಿಚ್ಚಿದೆ.

ಎರಡನೇ ದಾರಿ ಬೈಂಡಿಂಗ್ ಮಾಡುವವರಿಗೆಲ್ಲ ಗೊತ್ತಿರುವುದೇ. ಎರಡೆರಡು ಬಿಡಿ ಹಾಳೆಗಳನ್ನು ಟಿಶ್ಯೂ (ತೀರಾ ತೆಳು ಕಾಗದ) ಪಟ್ಟಿಯಿಂದ ಜೋಡಿಸಿ, ಮಡಚಿ, ಮತ್ತೆ ಫಾರಂ ಮಾಡಿಕೊಂಡು ನಡುವೆ ಹೊಲಿಯುವುದು. ಮೊದಲು ಇಪ್ಪತ್ತು ಜೋಡಿಯ ಡಮ್ಮಿ, ಅಂದರೆ ಪರೀಕ್ಷೆಗೊಂದು ಮಾದರಿ, ಮಾಡಿದೆ. ಬೆನ್ನು ನಾಲ್ಕು ಮಿಲಿಮೀಟರ್ ಉಬ್ಬಿತು. ಪುಸ್ತಕ ಅಲ್ಲ, ಬಾಗಿಲಿಗೆ ಕೊಡುವ ಬೆಣೆ! ದಾರ ಸಣ್ಣದು ಮಾಡಿದೆ, ಅಂಟು ತೆಳು ಮಾಡಿದೆ, ಎರಡು ದಿನ ಭಾರ ಹೇರಿಟ್ಟೆ. ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಆಮೇಲೆ ಪಟ್ಟಿಯನ್ನೇ ತೂಕಕ್ಕೆ ಹಾಕಿದೆ. ನಾನು ದುಡ್ಡು ಕೊಟ್ಟದ್ದು 9 ಜಿಎಸ್‌ಎಂ (ಚದರ ಮೀಟರಿಗೆ 9 ಗ್ರಾಂ ತೂಗುವ) ಟಿಶ್ಯೂಗೆ. ಬಂದದ್ದು 30ರ ಹತ್ತಿರ. ಅಂಗಡಿಗೆ ಫೋನ್ ಮಾಡಿದರೆ “ಎರಡೂ ಒಂದೇ ಸಾರ್, ಇದು ಜಾಸ್ತಿ ಗಟ್ಟಿ” ಅನ್ನುತ್ತಾರೆ! ಮಡಚಿದಾಗ ಪ್ರತಿ ಪಟ್ಟಿ ಬೆನ್ನಲ್ಲಿ ಎರಡು ಪದರ ಆಗುತ್ತದೆ. ಇಪ್ಪತ್ತು ಪಟ್ಟಿಗೆ ನಲವತ್ತು ಪದರ. ಉಬ್ಬದೆ ಇನ್ನೇನಾದೀತು? ಇದೇ ಅಂಗಡಿಯವರು ಹೊದಿಕೆಗೆ ಪಾಚಿ ಹಸಿರು ಬಟ್ಟೆ ಕೇಳಿದರೆ ಗಿಳಿ ಹಸಿರು ಕಳಿಸಿದ್ದರು. ಗೋಕರ್ಣದ ಕೋಟಿತೀರ್ಥದ ಕೆರೆ ನೋಡಿದವರಿಗೆ ಗೊತ್ತು, ಆ ನೀರಿಗೂ ಗಿಳಿಗೂ ಸಂಬಂಧವೇ ಇಲ್ಲ.

ಬೇರೆ ಕಡೆಯಿಂದ ನಿಜವಾದ 9 ತರಿಸಿದೆ. ಪಟ್ಟಿಗಳನ್ನು ಒಂದೇ ಅಗಲ ಕತ್ತರಿಸಲಿಲ್ಲ. 8, 10, 12 ಮಿಲಿಮೀಟರ್ ಅಂತ ಬದಲಿಸುತ್ತಾ ಹೋದೆ. ಅಂಚುಗಳೆಲ್ಲ ಒಂದೇ ಕಡೆ ಬಿದ್ದರೆ ಅಲ್ಲೊಂದು ಮೆಟ್ಟಿಲು ಏಳುತ್ತದೆ, ಹೀಗೆ ಮಾಡಿದರೆ ಏಳುವುದಿಲ್ಲ. ಮೈದಾ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಲಿಲ್ಲ. ಹುಳ ಬರದಿರಲಿ ಅಂತ ಹಳಬರು ಹಾಕುತ್ತಾರೆ, ನಿಜ. ಆದರೆ ತಾಮ್ರ ಈ ಕಾಗದವನ್ನು ಇನ್ನಷ್ಟು ಬೇಗ ಮುಪ್ಪಾಗಿಸುತ್ತದೆ. ಉಬ್ಬು ಈಗ ಒಂದು ಮಿಲಿಮೀಟರ್ ಚಿಲ್ಲರೆ. ಬೆನ್ನು ಸ್ವಲ್ಪ ಗುಂಡಗೆ ಮಾಡಿದರೆ ಅದೂ ಕರಗಿಹೋಗುತ್ತದೆ.

“ಎಲ್ಲ ಸೇರಿಸಿ ಒಂದೇ ದಪ್ಪ ಪುಸ್ತಕ ಮಾಡಿಬಿಡಿ” ಅಂತ ಗೆಳೆಯರೊಬ್ಬರು ಹೇಳಿದರು. ಒಪ್ಪಲಿಲ್ಲ. ಕಾಯ್ಕಿಣಿಯವರ ಮೊದಲ ಸಂಕಲನ 1974ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ‘ರಂಗದಿಂದೊಂದಿಷ್ಟು ದೂರ’, ಅದಕ್ಕೇ ಕರ್ನಾಟಕ ಸಾಹಿತ್ಯ ಅಕಾಡೆಮಿ ಬಹುಮಾನ. ಧಾರವಾಡದಲ್ಲಿ ಬಯೋಕೆಮಿಸ್ಟ್ರಿ, ಆಮೇಲೆ ಮುಂಬಯಿಯ ಔಷಧ ಕಂಪನಿಯ ಕೆಲಸ. ‘ಕೋಟಿತೀರ್ಥ’ ಬರಲು ಎಂಟು ವರ್ಷ ಹಿಡಿಯಿತು. 1987ಕ್ಕೆ ‘ಶ್ರಾವಣ ಮಧ್ಯಾಹ್ನ’, ಹತ್ತು ವರ್ಷ ಬಿಟ್ಟು ‘ನೀಲಿಮಳೆ’. 2006ರ ‘ಮುಂಗಾರು ಮಳೆ’ಯ ಹಾಡುಗಳಿಂದ ಮನೆಮನೆಗೂ ಗೊತ್ತಾದ ಮೇಲೂ ಕವಿತೆ ನಿಲ್ಲಲಿಲ್ಲ. 2021ರಲ್ಲಿ ‘ವಿಚಿತ್ರಸೇನನ ವೈಖರಿ’ ಬಂತು. ಕಾದು ಕಾದು ಬಂದ ತೆಳ್ಳನೆಯ ಪುಸ್ತಕಗಳು ಇವು. ಒಂದೊಂದನ್ನೂ ಬೇರೆ ಬೇರೆಯಾಗಿ ಕೈಗೆತ್ತಿಕೊಂಡು ಓದಬೇಕು ಅಂತ ನನ್ನಾಸೆ. ಸಿನಿಮಾ ಹಾಡಿನಿಂದ ಮಾತ್ರ ಇವರನ್ನು ಬಲ್ಲ ನನ್ನ ಅಕ್ಕನ ಮಗಳಿಗೆ ಮೊದಲು ಕೊಡುವುದು ‘ನೀಲಿಮಳೆ’.

ಕೈ ಕೆಲಸದಲ್ಲಿರುವಾಗಲೇ ಮುಂದಿನದರ ಯೋಚನೆ ಶುರುವಾಗಿದೆ. ಅವರ ಮುಂಬಯಿ ಕಥೆಗಳಿಗೆ ಒಂದು ಸೆಟ್. ಎಂಡ್ ಪೇಪರಿಗೆ (ರಟ್ಟಿನ ಒಳಗೆ ಅಂಟಿಸುವ ಹಾಳೆ) ಲೋಕಲ್ ರೈಲಿನ ನಕ್ಷೆ, ಒಂದು ಪುಸ್ತಕಕ್ಕೆ ವೆಸ್ಟರ್ನ್ ಲೈನ್, ಇನ್ನೊಂದಕ್ಕೆ ಸೆಂಟ್ರಲ್. ನಕ್ಷೆಯನ್ನು ಕೈಯಲ್ಲೇ ಬಿಡಿಸಬೇಕು. ಕಾಗದದ ಎಳೆ (ನಾರು ಸಾಗುವ ದಿಕ್ಕು) ಬೆನ್ನಿನ ಉದ್ದಕ್ಕೆ ಬರುವಂತೆ ಹಾಳೆ ಕತ್ತರಿಸಿದರೆ ಚರ್ಚ್‌ಗೇಟ್‌ನಿಂದ ವಿರಾರ್‌ವರೆಗೆ ಹಿಡಿಯುತ್ತದಾ ಅಂತ ಅಳೆಯುತ್ತಿದ್ದೇನೆ.

ಅದಕ್ಕೆ ಮೊದಲು ಈ ಕವನ ಸಂಕಲನಗಳನ್ನೆಲ್ಲ ಇಡುವ ಪೆಟ್ಟಿಗೆ ಮುಗಿಯಬೇಕು. ‘ರಂಗದಿಂದೊಂದಿಷ್ಟು ದೂರ’ದ ಹಳೇ ಪ್ರತಿ ನನಗಿನ್ನೂ ಸಿಕ್ಕಿಲ್ಲ. ಅದರ ಜಾಗಕ್ಕೆ ಸದ್ಯ ಒಂದು ರಟ್ಟಿನ ತುಂಡು ನಿಲ್ಲಿಸಿದ್ದೇನೆ, ಬೆನ್ನಿಗೆ ಪೆನ್ಸಿಲಿನಲ್ಲಿ 1974 ಅಂತ ಬರೆದು.