ಸುದ್ದಿ ಹೇಳುವವರಿಗೆ ಆಂಕರ್ ಅಂತ ಯಾಕೆ ಹೆಸರು?

ಟಿವಿ ಪತ್ರಿಕೋದ್ಯಮ ಕಲಿಸುವ ನನಗೆ ಪ್ರತಿ ಬ್ಯಾಚಿನಲ್ಲೂ ಬರುವ ಪ್ರಶ್ನೆ ಇದು: "ಆಂಕರ್ ಅಂದ್ರೆ ಹಡಗಿನ ಲಂಗರು ಅಲ್ವಾ? ಸುದ್ದಿ ಹೇಳುವವರಿಗೂ ಅದಕ್ಕೂ ಏನು ಸಂಬಂಧ?"

ಮೂಲ ಅರ್ಥ ಲಂಗರೇ. ಆದರೆ ಟಿವಿಯವರು ಈ ಹೆಸರನ್ನು ಸಮುದ್ರದಿಂದ ತಂದಿದ್ದಲ್ಲ, ಓಟದ ಮೈದಾನದಿಂದ ತಂದಿದ್ದು ಅನ್ನುವುದು ಹೆಚ್ಚು ಒಪ್ಪಿಗೆಯಾಗುವ ಮಾತು. ರಿಲೇಯಲ್ಲಿ ಕೊನೆಯ ಸುತ್ತು ಓಡುವವರು ಆಂಕರ್. ಸಾಮಾನ್ಯವಾಗಿ ತಂಡದ ಗಟ್ಟಿ ಓಟಗಾರರನ್ನೇ ಅಲ್ಲಿಗೆ ಹಾಕುತ್ತಾರೆ.

ಹೆಸರು ಬೇರೂರಿದ್ದು 1952ರಲ್ಲಿ. ಆ ವರ್ಷ ಅಮೆರಿಕದ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷಗಳು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಸಮಾವೇಶ ಶಿಕಾಗೋದಲ್ಲಿ ನಡೆಯಿತು. ಸಿಬಿಎಸ್ ವಾಹಿನಿಯ ವರದಿಗಾರರು ಸಭಾಂಗಣದ ತುಂಬ ಹರಡಿಕೊಂಡಿದ್ದರು. ಯಾರ ಕಡೆ ಯಾವಾಗ ಹೋಗಬೇಕು, ಬಂದ ಸುದ್ದಿಗೆ ಏನು ಅರ್ಥ, ಮಧ್ಯೆ ಏನೂ ನಡೆಯದಿದ್ದಾಗ ಏನು ಮಾತಾಡಬೇಕು? ಇದನ್ನೆಲ್ಲ ಒಂದೇ ಕಡೆ ಕೂತು ನಿಭಾಯಿಸುವ ಆಸಾಮಿ ಬೇಕಿತ್ತು. ಕೂತವರು ಸಿಬಿಎಸ್‌ನ ಪತ್ರಕರ್ತ ವಾಲ್ಟರ್ ಕ್ರಾಂಕೈಟ್. ರಿಲೇಯ ಹೋಲಿಕೆ ಕೊಟ್ಟವರು ಅಲ್ಲಿನ ಸುದ್ದಿ ಮುಖ್ಯಸ್ಥ ಸಿಗ್ ಮಿಕಲ್ಸನ್. ಹೆಸರಿಟ್ಟಿದ್ದು ನಾವೇ ಅಂತ ಅದೇ ವಾಹಿನಿಯ ಬೇರೆಯವರೂ ಹೇಳಿಕೊಂಡಿದ್ದಾರೆ. ಗೆದ್ದ ಹೆಸರಿಗೆ ಅಪ್ಪಂದಿರು ಜಾಸ್ತಿ!

ತಮಾಷೆ ಏನೆಂದರೆ, 1948ರಲ್ಲೇ ಅಮೆರಿಕದ ಇನ್ನೊಂದು ವಾಹಿನಿ ಎನ್‌ಬಿಸಿಯ ಒಂದು ಕ್ವಿಜ್‌ನಲ್ಲಿ ಕಾಯಂ ಸದಸ್ಯರಾಗಿದ್ದ ಜಾನ್ ಕ್ಯಾಮರಾನ್ ಸ್ವೇಝಿ ಅವರನ್ನು ಆಂಕರ್ ಅಂತ ಕರೆದಿದ್ದರು. ಅಂದರೆ ಕ್ರಾಂಕೈಟ್ ಮೊದಲಿಗರಲ್ಲ. ಸ್ವೀಡನ್ನಿನಲ್ಲಿ ಆಂಕರ್‌ಗಳನ್ನೇ 'ಕ್ರಾಂಕೈಟರ್' ಅನ್ನುತ್ತಿದ್ದರಂತೆ ಅನ್ನುವ ಕತೆಯೂ ಓಡಾಡುತ್ತದೆ. ಸುಮ್ನೆ ಕಟ್ಟುಕತೆ, ನಂಬಬೇಡಿ.

ಬ್ರಿಟನ್ನಿನಲ್ಲಿ ದಾರಿ ಬೇರೆ. ಅಲ್ಲಿ ನ್ಯೂಸ್ ರೀಡರ್, ಅಂದರೆ ಸುದ್ದಿ ಓದುವವರು. 1955ರವರೆಗೆ ಬಿಬಿಸಿ ಟಿವಿ ಅವರ ಮುಖವನ್ನೇ ತೋರಿಸುತ್ತಿರಲಿಲ್ಲ! ಮುಖ ಕಂಡರೆ ಸುದ್ದಿಯ ಮೇಲಿನ ಗಮನ ಹೋಗುತ್ತದೆ ಅನ್ನುವ ಅಂಜಿಕೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಪರದೆ ಮೇಲಿನ ಅಕ್ಷರ ನೋಡಿ ಹೇಳುವವರು ಓದುವವರೇ, ಎಷ್ಟೇ ಚೆಂದ ಓದಿದರೂ. ಚುನಾವಣೆ ಎಣಿಕೆಯ ದಿನ ನೋಡಿ. ಕಿವಿಯಲ್ಲಿ ಪ್ರೊಡ್ಯೂಸರ್ ಮಾತು, ಎದುರಿಗೆ ಅತಿಥಿ, ಇನ್ನೊಂದು ಊರಿಂದ ವರದಿಗಾರರ ನೇರ ಸಂಪರ್ಕ, ಅದೂ ಮಧ್ಯದಲ್ಲೇ ಕಡಿದು ಹೋಗುತ್ತದೆ. ಕೈಯಲ್ಲಿ ಸ್ಕ್ರಿಪ್ಟ್ ಇಲ್ಲ. ಆಗಲೂ ತಡವರಿಸದೆ ಕಾರ್ಯಕ್ರಮ ಮುಂದೆ ಒಯ್ಯುವವರನ್ನು ಆಂಕರ್ ಅನ್ನಿ. ಹಾಡಿನ ಸ್ಪರ್ಧೆ ನಡೆಸಿಕೊಡುವವರಿಗೆ ನಿರೂಪಕರು ಅನ್ನುವ ಒಳ್ಳೆಯ ಹೆಸರು ಇದ್ದೇ ಇದೆ.