ಮರಡಿಹಳ್ಳಿಯ ಲಾವಾ, ದುರ್ಗದ ಬಂಡೆ: ಬುಧ, ಶುಕ್ರ, ಮಂಗಳ ಅರ್ಥವಾಗಲು ಒಂದು ದಿನದ ಪ್ರವಾಸ

ಚಿತ್ರದುರ್ಗಕ್ಕೆ ಹೋದವರು ಕೋಟೆ ಹತ್ತುತ್ತಾರೆ, ಚಂದ್ರವಳ್ಳಿ ನೋಡುತ್ತಾರೆ, ವಾಪಸ್ ಬರುತ್ತಾರೆ. ಮನೆಯಲ್ಲಿ ಸೌರವ್ಯೂಹದ ಪಾಠ ಓದುವ ಮಕ್ಕಳಿದ್ದರೆ ಮರಡಿಹಳ್ಳಿಯನ್ನೂ ಸೇರಿಸಿಕೊಳ್ಳಿ. ಅಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ಪಿಲ್ಲೋ ಲಾವಾ, ಅಂದರೆ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಚಿತ್ರದುರ್ಗ ಜಿಲ್ಲೆಯವರೇ ಎಷ್ಟೋ ಜನ ಅದನ್ನು ನೋಡಿಲ್ಲ ಅನ್ನೋದು ನನಗೆ ಬೇಸರ.

ನಾನು ದಾವಣಗೆರೆಯಿಂದ ಅಕ್ಕನ ಮಗಳ ಜತೆ ಹೋಗಿದ್ದೆ. ಹೈವೇಯಲ್ಲಿ ಚಿತ್ರದುರ್ಗಕ್ಕೆ 60 ಕಿ.ಮೀ. ಆಸುಪಾಸು. ಮರಡಿಹಳ್ಳಿ ಅಲ್ಲಿಂದ ಹಿರಿಯೂರಿನ ಕಡೆಗೆ. ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಬೆಳಿಗ್ಗೆ ಬೇಗ ಹೋಗಿ. ಬಯಲು ಜಾಗ, ಬಿಸಿಲು ಏರಿದರೆ ಬಂಡೆ ಕಾಯುತ್ತದೆ. ನೀರು, ಟೋಪಿ ಇರಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿತ. ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ.

ಅಲ್ಲಿ ಏನು ನೋಡಬೇಕು ಅಂತ ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ಸುಮ್ನೆ ಕಲ್ಲು ಅನ್ನಿಸುತ್ತದೆ. ಒಂದರ ಮೇಲೊಂದು ಒಟ್ಟಿದ ದಿಂಬುಗಳ ಹಾಗೆ ಉಬ್ಬು ಉಬ್ಬಾದ ಕಲ್ಲುಗಳಿವೆ. ಸಾವಿರ ಡಿಗ್ರಿಗೂ ಜಾಸ್ತಿ ಬಿಸಿಯ ಲಾವಾ ನೀರೊಳಗೆ ಉಕ್ಕಿದಾಗ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ದ್ರವ. ಅದು ಸಿಪ್ಪೆ ಒಡೆದು ಹೊರಬಂದು ಇನ್ನೊಂದು ಉಬ್ಬು ಮಾಡುತ್ತದೆ. ಮೇಲಿನ ಉಬ್ಬಿನ ತಳ, ಕೆಳಗಿನ ಎರಡು ಉಬ್ಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಅದನ್ನು ಹುಡುಕಿ. ಲಾವಾ ಉಕ್ಕಿದ ಕಾಲದಲ್ಲಿ ಮೇಲ್ಭಾಗ ಯಾವುದಾಗಿತ್ತು ಅಂತ ಬಂಡೆಯೇ ಹೇಳುತ್ತದೆ. ಸುತ್ತಿಗೆ ಒಯ್ಯಬೇಡಿ, ಒಂದು ಚೂರನ್ನೂ ಎತ್ತಿಕೊಂಡು ಬರಬೇಡಿ.

"ಮಾಮ, ಬುಧದಲ್ಲೂ ಹಿಂಗೇ ಇರ್ತದಾ?" ಅಂತ ಹುಡುಗಿ ಕೇಳಿದಳು. ಲಾವಾ ಹರಿದ ಬಯಲು ಬುಧದಲ್ಲಿ ಬೇಕಾದಷ್ಟಿದೆ. 2011ರಿಂದ 2015ರವರೆಗೆ ನಾಸಾದ ಮೆಸೆಂಜರ್ ನೌಕೆ ಬುಧದ ಸುತ್ತು ಹೊಡೆದು ಅದನ್ನೆಲ್ಲ ನಕ್ಷೆ ಮಾಡಿತು. ಆದರೆ ದಿಂಬಿನಂಥ ಉಬ್ಬಿಗೆ ನೀರು ಬೇಕು, ಅಲ್ಲಿ ಹರಿಯುವ ನೀರಿಲ್ಲ. ಬುಧ ಬರೀ 4,880 ಕಿ.ಮೀ. ಅಡ್ಡಳತೆಯ ಗ್ರಹ. ಅದರ ತ್ರಿಜ್ಯದ ಶೇ. 85ರಷ್ಟು ಲೋಹದ ತಿರುಳೇ. ಶಾಖ ಹಿಡಿದಿಡುವಷ್ಟು ಗಾಳಿ ಇಲ್ಲ. ಹಾಗಾಗಿ ಹಗಲು 430 ಡಿಗ್ರಿ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ. ಧ್ರುವಗಳ ಬಳಿ ಬಿಸಿಲೇ ಬೀಳದ ಕುಳಿಗಳಲ್ಲಿ ಮಾತ್ರ ಮಂಜುಗಡ್ಡೆ ಇದೆ.

ಶುಕ್ರ ಗಾತ್ರದಲ್ಲಿ ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟೇ, 12,104 ಕಿ.ಮೀ. ಸೂರ್ಯನಿಂದ ಬುಧಕ್ಕಿಂತ ದೂರ, ಆದರೂ ಅದಕ್ಕಿಂತ ಬಿಸಿ. ಸುಮಾರು 465 ಡಿಗ್ರಿ, ಹಗಲೂ ಇರುಳೂ. ಗಾಳಿಯಲ್ಲಿ ಶೇ. 96ರಷ್ಟು ಕಾರ್ಬನ್ ಡೈಆಕ್ಸೈಡ್, ಒತ್ತಡ ನಮ್ಮದರ 90 ಪಟ್ಟಿಗೂ ಜಾಸ್ತಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಅಲ್ಲಿ 127 ನಿಮಿಷ ಕೆಲಸ ಮಾಡಿತು. ಅಷ್ಟರಲ್ಲೇ ನೆಲದ ಚಿತ್ರ ಕಳಿಸಿ, ಅದು ಬಸಾಲ್ಟ್ (ಲಾವಾ ತಣಿದು ಆಗುವ ಕಪ್ಪು ಕಲ್ಲು) ಜಾತಿಯ ಕಲ್ಲು ಅಂತ ತಿಳಿಸಿತು. ಮರಡಿಹಳ್ಳಿಯದೂ ಬಸಾಲ್ಟ್ ಲಾವಾನೇ. ಒಂದೇ ಜಾತಿಯ ಕಲ್ಲು, ನೀರಿದ್ದ ಕಡೆ ಒಂದು ರೂಪ, ಇಲ್ಲದ ಕಡೆ ಇನ್ನೊಂದು. ಈ ಮಾತು ಮಕ್ಕಳಿಗೆ ಪುಸ್ತಕಕ್ಕಿಂತ ಅಲ್ಲಿ ನಿಂತಾಗ ಚೆನ್ನಾಗಿ ಹತ್ತುತ್ತದೆ.

ಮಂಗಳದ ನೆಲವೂ ಬಹುಪಾಲು ಬಸಾಲ್ಟೇ. ಮೇಲಿನ ದೂಳಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ, ಅಷ್ಟೇ. ಹಿಂದೆ ಅಲ್ಲಿ ನೀರು ಹರಿದ ಗುರುತುಗಳೂ ಇವೆ.

ಊಟ ಪೇಟೆಯಲ್ಲೇ ಮುಗಿಸಿ, ಬಿಸಿಲು ಇಳಿದ ಮೇಲೆ ಕೋಟೆಗೆ ಹೋಗಿ. ಸಂಜೆ ಬಾಗಿಲು ಹಾಕುತ್ತಾರೆ, ತೀರಾ ತಡ ಮಾಡಬೇಡಿ. ಅಲ್ಲಿನ ತಿಳಿಬಣ್ಣದ ಗ್ರಾನೈಟ್ ಬಂಡೆಗಳಿಗೂ ನೀರಿಗೂ ನಂಟಿದೆ. ನೀರಿನಂಶ ಸೇರಿದ ಬಸಾಲ್ಟ್ ಆಳಕ್ಕೆ ಹೋಗಿ ಮತ್ತೆ ಕರಗಿದಾಗ ಗ್ರಾನೈಟ್‌ಗೆ ದಾರಿಯಾಗುತ್ತದೆ. ಖಂಡಗಳೇ ಆಗುವಷ್ಟು ಗ್ರಾನೈಟ್ ಈ ನಾಲ್ಕರಲ್ಲಿ ನಮಗೆ ತಿಳಿದಂತೆ ಭೂಮಿಯಲ್ಲಿ ಮಾತ್ರ ಇದೆ. ಓಬವ್ವನ ಕಿಂಡಿ ಹತ್ತಿರ ಕೈಯಿಟ್ಟು ನೋಡಿ, ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಬೆಳಿಗ್ಗೆ ನೋಡಿದ ಕಲ್ಲಿನಲ್ಲಿ ಹಾಗೆ ಕಾಣುವುದಿಲ್ಲ, ಅದು ಬೇಗ ತಣ್ಣಗಾದದ್ದು.

ಶುಕ್ರ ಸಂಜೆ ಕಾಣುವ ತಿಂಗಳು ನೋಡಿಕೊಂಡು ದಿನ ಗೊತ್ತುಮಾಡಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಸಿಗುತ್ತದೆ. ಪಡುವಣ ದಿಕ್ಕು ತೆರೆದಿರುವ ಜಾಗ ಹುಡುಕಿ. ಹತ್ತಿರದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗುವ ಮನಸ್ಸಿದ್ದರೆ, ಅದು ಕಾಡಿನ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಕೇಳದೆ ಹೋಗಬೇಡಿ. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಎತ್ತಬಾರದು, ಕಣ್ಣೇ ಹೋಗುತ್ತದೆ. ಚಿಕ್ಕ ಟೆಲಿಸ್ಕೋಪ್ ಇದ್ದರೆ ಶುಕ್ರ ಪುಟ್ಟ ಚಂದ್ರನಂತೆ ಅರೆಯಾಗಿ ಕಾಣಬಹುದು. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಸರಿಯುವುದೇ ಇಲ್ಲ. ಅದನ್ನೂ ನೋಡಬೇಕೆಂದರೆ ಅದು ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಅತಿ ದೂರ ಸರಿದಿರುವ ವಾರವನ್ನೇ ಆರಿಸಿಕೊಳ್ಳಿ, ಸೂರ್ಯ ಮುಳುಗಿದ ಅರ್ಧ ಗಂಟೆಗೆ ಪಡುವಣ ಬಾನಂಚಿನ ಹತ್ತಿರವೇ ಕಣ್ಣು ಹಾಯಿಸಿ.