ಅವ್ವನ ಹಸರ್ ಬಳಿ
ಇವತ್ತ ಸಂಜಿಮುಂದ ಕರೆಂಟ್ ಹೋಗಿತ್ತು, ಅವ್ವ ಒಲಿ ಮುಂದ ಕುಂತು ಜ್ವಾಳದ ರೊಟ್ಟಿ ಬಡ್ಯಾಕತ್ತಿದ್ಲು, ಆ ಬೆಂಕಿ ಬೆಳಕ ನೋಡಿ ನಾ ಓಡಿಹೋಗಿ ಕ್ಯಾಮೆರಾಕ್ಕ ಬೆಳಕ ಜಾಸ್ತಿ ಒಳಗ ಬಿಡೋ ಹಳೆ 50 ಎಂಎಂ 1.4 ಲೆನ್ಸ್ ಹಾಕ್ಕೊಂಡ್ ಬಂದೆ.

ಈ ಲೆನ್ಸಿನಾಗ ಮೋಟರ್ ಇಲ್ಲ. ಕ್ಯಾಮೆರಾದೊಳಗಿನ ಮೋಟರ್ರ ಒಂದ್ ಸಣ್ಣ ಸ್ಕ್ರೂ ತಿರುವಿ ಫೋಕಸ್ ಮಾಡಬೇಕು. ಅವ್ವನ ಗಲ್ಲದ ಮ್ಯಾಲ ಫೋಕಸ್ ಪಾಯಿಂಟ್ ಇಟ್ರ ಲೆನ್ಸ್ ಕರ್ರ್ ಅಂತ ಆ ತುದಿಗ್ ಹೋತು, ಮತ್ತ ಕರ್ರ್ ಅಂತ ಈ ತುದಿಗ್ ಬಂತು, ನಿಲ್ಲವಲ್ದು. ಆಟೋಫೋಕಸ್‌ಗೆ ಹಿಡಕೊಳ್ಳಾಕ ಒಂದ್ ಗೆರಿ ಬೇಕು, ಕತ್ತಲಾಗ ಗಲ್ಲದ ಮ್ಯಾಲ ಎಲ್ಲಿ ಗೆರಿ?

ಕಡೀಕ ಅವ್ವನ ಕೈಯಾಗಿನ ಹಸರ್ ಬಳಿ ಅಂಚಿಗೆ ಇಟ್ಟೆ, ಬೆಂಕಿ ಹೊಳಿಯೋ ಜಾಗಾಕ್ಕ. ಟಕ್ಕನ ಹಿಡೀತು!

ಒಂದ್ ಮೀಟರ್ ದೂರದಿಂದ 1.4ಕ್ಕ, ಅಂದ್ರ ಲೆನ್ಸಿನ ಬಾಯಿ ಪೂರ್ತಿ ತೆಗದ್ರ, ಫುಲ್ ಫ್ರೇಮ್ ಅನ್ನೋ ದೊಡ್ಡ ಸೆನ್ಸರಿನ ಕ್ಯಾಮೆರಾದಾಗ ಶಾರ್ಪ್ ಇರೋದು ಸುಮಾರು 3 ಸೆಂಟಿಮೀಟರ್ ಅಷ್ಟ, ಹಿಂಗಾಗಿ ಮಾರಿ ಪೂರ್ತಿ ಮಸಕ, ಬಳಿ ಮತ್ತ ಬಳಿಗೆ ಹತ್ತಿದ ಹಿಟ್ಟು ಮಾತ್ರ ಎಷ್ಟ್ ಚಂದ ಕಾಣಾಕತ್ತೈತಿ ಅಂದ್ರ, ಮೂರ್ ಸಲ ಝೂಮ್ ಮಾಡಿ ನೋಡ್ದೆ.

ಬಳಿ ಕೆಳಗ ಒಂದ್ ಹಳೆ ಸುಟ್ಟ ಕಲಿ ಐತಿ. ಇಷ್ಟ್ ವರ್ಷ ಆ ಕೈಲೆ ಉಂಡೀನಿ, ನೋಡೇ ಇರ್ಲಿಲ್ಲ. ಯಾವಾಗ ಸುಟ್ಕೊಂಡಿದ್ಲೋ, ನಾಳೆ ಕೇಳ್ತೀನಿ.